ಶನಿವಾರ ಬರಲ್ಲ ಅಂತ ಇಂಗ್ಲಿಷಿನಲ್ಲಿ ಹೇಗೆ ಹೇಳೋದು?

ಪುಣೆಯ ಹಿಂಜವಡಿಯಿಂದ ಪ್ರಶ್ನೆ: ಅಮೆರಿಕದ ಕ್ಲೈಂಟ್ ಶನಿವಾರವೂ ಕಾಲ್ ಇಡುತ್ತಾರೆ. ಬರೀ 'ನೋ' ಅಂದರೆ ಒರಟಾಗುತ್ತದೆ. ನೀವೆಲ್ಲ ಏನು ಹೇಳಿ ತಪ್ಪಿಸಿಕೊಂಡಿರಿ?

ಕೋಥ್ರುಡ್: 'ಟೇಕ್ ಎ ರೇನ್ ಚೆಕ್' ಮಾತ್ರ ಬೇಡ, ಕೈ ಮುಗಿಯುತ್ತೇನೆ. ಸ್ಟೈಲಾಗಿದೆ ಅಂತ ನಾನು ಹೇಳಿ ಕೆಟ್ಟೆ. ಅದು ಬೇಸ್‌ಬಾಲ್ ಮಾತು. ಮಳೆಗೆ ಆಟ ನಿಂತರೆ ಟಿಕೆಟಿನ ತುಂಡು ತೋರಿಸಿ ಇನ್ನೊಂದು ದಿನ ಬರಬಹುದು. ಅಂದರೆ 'ಇವತ್ತು ಬೇಡ, ಆಮೇಲೆ ಖಂಡಿತ'. ನನ್ನ ಕ್ಲೈಂಟ್ ಖುಷಿಯಾಗಿ ಮುಂದಿನ ಶನಿವಾರಕ್ಕೇ ಕಾಲ್ ಇಟ್ಟ. ಅವತ್ತೇ ಹುಬ್ಬಳ್ಳಿಯಲ್ಲಿ ಅಕ್ಕನ ಮಗಳ ಮದುವೆ. ಮೂರು ಥರ್ಡ್ ಎಸಿ ಟಿಕೆಟ್ ರದ್ದು ಮಾಡಿದೆ. ಅದರಲ್ಲೇ 1,140 ರೂಪಾಯಿ ಹೋಯಿತು. ಮುಯ್ಯಿ ಫೋನಿನಲ್ಲೇ ಕಳಿಸಿದೆ. ಅಕ್ಕ ಇವತ್ತಿಗೂ ಆಡಿ ತೋರಿಸುತ್ತಾಳೆ. ಈಗ 'ಐ ವಿಲ್ ಪಾಸ್' ಅನ್ನುತ್ತೇನೆ. ಇಸ್ಪೀಟಿನಲ್ಲಿ ಪಾಸ್ ಅಂದ ಹಾಗೆ, ಯಾರೂ ಕಾರಣ ಕೇಳಲ್ಲ.

ಠಾಣೆ: ನಾನು 'ಟೂ ಮಚ್ ಆನ್ ಮೈ ಪ್ಲೇಟ್' ಅಂದಿದ್ದೆ, ಅಂದರೆ ಈಗಾಗಲೇ ಕೈತುಂಬ ಕೆಲಸ ಇದೆ ಅಂತ. ಊಟದ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲಿ ಬಡಿಸುತ್ತಾರಲ್ಲ, ಹಾಗೇ ಆಯಿತು. 'ಪ್ಲೇಟಲ್ಲಿ ಏನೇನಿದೆ, ಲಿಸ್ಟ್ ಕೊಡು' ಅಂದರು ಮ್ಯಾನೇಜರ್. ರಾತ್ರಿ 11ರವರೆಗೆ ಕೂತು 23 ಸಾಲಿನ ಲಿಸ್ಟ್ ಮಾಡಿದೆ. ಎರಡು ಕೆಲಸ ತೆಗೆದು ನಾಲ್ಕು ಹಾಕಿದರು.

ವಾಶಿ: ಇಬ್ಬರೂ ಅಂಜುಬುರುಕರು. ನಾನು ನೇರವಾಗಿ 'ನೋ ಕ್ಯಾನ್ ಡು', ಅಂದರೆ 'ಆಗಲ್ಲ' ಅಂದೆ. ಮೂರು ವರ್ಷದಿಂದ ಶನಿವಾರ ನನ್ನದೇ.

ಠಾಣೆ: ಅಂಜುಬುರುಕ ಅಂತ ಯಾರಿಗೆ ಹೇಳ್ತೀರಿ? ನಿಮ್ಮ 'ನೋ ಕ್ಯಾನ್ ಡು' 19ನೇ ಶತಮಾನದಲ್ಲಿ ಚೀನೀಯರ ಹರಕು ಇಂಗ್ಲಿಷನ್ನು ಅಣಕಿಸೋಕೆ ಬಳಸಿದ್ದು, ಗೊತ್ತಾ? ನಿಮ್ಮ ಟೀಮಲ್ಲಿ ಶಾಂಘೈನವರು ಯಾರೂ ಇಲ್ವಾ?

ವಾಶಿ: ಇದ್ದಾರೆ. ನಾನು ಕಲಿತಿದ್ದೇ ಅವರಿಂದ. ನೀವು ಲಿಸ್ಟ್ ಮಾಡ್ತಾ ಇರಿ.

ಪಿಂಪ್ರಿ, ಊರು ಬೆಳಗಾವಿ: ಇಷ್ಟೆಲ್ಲ ಯಾಕೆ ಬೇಕು? ನಮ್ಮ ಕಡೆ 'ಒಲ್ಲೆ' ಅಂದರೆ ಮುಗೀತು. ಇಲ್ಲಿಯ ಮರಾಠಿ ಮಂದಿಯೂ 'ನಕೋ' (ಬೇಡ) ಇಲ್ಲಾ 'ಜಮಣಾರ್ ನಾಹೀ' (ಆಗಲ್ಲ) ಅಂತ ತುಂಡು ಮಾಡುತ್ತಾರೆ. ಮೈಸೂರಿನವರು ಮಾತ್ರ 'ನೋಡೋಣ' ಅಂತ ಆರು ತಿಂಗಳು ಎಳೆಯುತ್ತಾರೆ. ರೇನ್ ಚೆಕ್ ಅವರೇ ಕಂಡುಹಿಡಿದಿರಬೇಕು.

ಕೋಥ್ರುಡ್: ಸ್ವಾಮಿ, ನಾನು ಮೈಸೂರಿನವನೇ. ಅಕ್ಕನನ್ನು ನಿಮ್ಮ ಕಡೆಗೇ ಕೊಟ್ಟಿದ್ದೇವೆ. ಅವರ ಮನೆಯವರು ಒಲ್ಲೆ ಒಲ್ಲೆ ಅನ್ನುತ್ತಲೇ ಮೂರು ಹೋಳಿಗೆ ಮುಗಿಸುತ್ತಾರೆ. ಅಂದ ಹಾಗೆ, ಹಳೇ ಮೆಸೇಜ್ ತೆಗೆದು ನೋಡಿದೆ. 1,140 ಅಲ್ಲ, 1,185.