ಪದ ಬೇಕು: ಜಪಾನೀ 'ಗೈದೆನ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕು, ನಾಳೆ ಸಂಜೆಯೊಳಗೆ. 'ಮೊಬೈಲ್ ಸೂಟ್ ಗಂಡಮ್ ಸೀಡ್' ಎಂಬ ಜಪಾನೀ ಆನಿಮೆ ಬಗ್ಗೆ ಒಂದು ಪರಿಚಯ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 2002ರ ಅಕ್ಟೋಬರಿನಿಂದ 2003ರ ಸೆಪ್ಟೆಂಬರ್‌ವರೆಗೆ ಟಿವಿಯಲ್ಲಿ ಬಂದ 50 ಕಂತುಗಳ ಸರಣಿ ಅದು. ಅದು ಬರುತ್ತಿದ್ದಾಗಲೇ 'ಗಂಡಮ್ ಏಸ್' ಪತ್ರಿಕೆಯಲ್ಲಿ 'ಗಂಡಮ್ ಸೀಡ್ ಅಸ್ಟ್ರೇ' ಎಂಬ ಮಾಂಗಾ, ಅಂದರೆ ಜಪಾನೀ ಚಿತ್ರಕತೆ, ಬಂತು. ಕತೆ ತೊಮೊಹಿರೊ ಚಿಬಾ ಅವರದು, ಚಿತ್ರ ಕೊಯಿಚಿ ತೊಕಿತಾ ಅವರದು. ಮೂಲ ಕತೆಯ ಲೋಕದಲ್ಲೇ, ಬೇರೆ ನಾಯಕನನ್ನು ಇಟ್ಟುಕೊಂಡು ಅದರ ಪಕ್ಕದಲ್ಲಿ ನಡೆಯುವ ಇಂಥ ಕತೆಯನ್ನು ಜಪಾನಿನಲ್ಲಿ 'ಗೈದೆನ್' ಅನ್ನುತ್ತಾರೆ.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಟಿವಿ ಸರಣಿ ಶುರುವಾಗುವುದೇ ಹೆಲಿಯೊಪೊಲಿಸ್ ಎಂಬ ಬಾಹ್ಯಾಕಾಶ ವಸಾಹತಿನ ಮೇಲಿನ ದಾಳಿಯಿಂದ. ಬೇಗನೇ ಆ ವಸಾಹತೇ ಒಡೆದು ಚೂರಾಗುತ್ತದೆ. ನಾಯಕ ಕಿರಾ 'ಸ್ಟ್ರೈಕ್' ಎಂಬ ದೈತ್ಯ ಯುದ್ಧಯಂತ್ರ ಹತ್ತಿ ಅಲ್ಲಿಂದ ಹೊರಡುತ್ತಾನೆ, ಸರಣಿಯೂ ಅವನ ಹಿಂದೆಯೇ ಹೋಗುತ್ತದೆ. ಮಾಂಗಾ ಮಾತ್ರ ಆ ಚೂರುಗಳ ಹತ್ತಿರವೇ ನಿಲ್ಲುತ್ತದೆ. ಬಾಹ್ಯಾಕಾಶದಲ್ಲಿ ಗುಜರಿ ಆಯುವ ಲೋ ಗ್ಯೂಲ್ ಎಂಬ ಹುಡುಗನಿಗೆ ಅಲ್ಲಿ ಒಂದು ಕೆಂಪು ಯಂತ್ರ ಸಿಗುತ್ತದೆ. ಗಾಯ್ ಮುರಾಕುಮೊ ಎಂಬ ಬಾಡಿಗೆ ಸೈನಿಕನಿಗೆ ನೀಲಿಯದು ಸಿಗುತ್ತದೆ. ಟಿವಿಯಲ್ಲಿ ಮುಂದೆ ಓರ್ಬ್ ದೇಶದ ಸೇನೆಯಲ್ಲಿ ಕಾಣುವ 'ಎಂ1 ಅಸ್ಟ್ರೇ' ಯಂತ್ರಗಳಿಗೆ ಇವೇ ಮೊದಲ ಮಾದರಿಗಳು.

ಲೇಖನದ ಕೊನೆಗೆ ಒಂದು ಪಟ್ಟಿ ಇದೆ. ಮೂಲ ಸರಣಿ, ಮುಂದಿನ ಭಾಗ, ಗೈದೆನ್ ಅಂತ ಮೂರು ಮನೆ. ಮನೆ ಚಿಕ್ಕದು, ವಿವರಣೆ ಹಿಡಿಸುವುದಿಲ್ಲ. ಸದ್ಯಕ್ಕೆ 'ಉಪಕಥೆ' ಅಂತ ಹಾಕಿಟ್ಟಿದ್ದೇನೆ. ಯಾಕೋ ಮನಸ್ಸಿಗೆ ಒಪ್ಪುತ್ತಿಲ್ಲ. ದಯವಿಟ್ಟು ತಿಳಿಸಿ.

— ಬೆಂಗಳೂರು

* * *

ಉಪಕಥೆ ಸರಿಯಾಗಿದೆ. ಮಹಾಭಾರತದ ನಳೋಪಾಖ್ಯಾನ ಏನು ಮತ್ತೆ? ಇರುವ ಪದ ಬಿಟ್ಟು ಹೊಸದು ಹುಟ್ಟಿಸುವುದು ಬೇಡ.

— ಮೈಸೂರು

* * *

> ಮಹಾಭಾರತದ ನಳೋಪಾಖ್ಯಾನ ಏನು ಮತ್ತೆ?

ಅಲ್ಲ ಸರ್, ನಳನ ಕತೆ ಇರುವುದೆಲ್ಲಿ? ಅರಣ್ಯಪರ್ವದ ಒಳಗೆ. ಜೂಜಿನಲ್ಲಿ ಎಲ್ಲ ಸೋತು ಕಾಡಿಗೆ ಬಂದ ಧರ್ಮರಾಯನಿಗೆ ಬೃಹದಶ್ವ ಮುನಿ ಅದನ್ನು ಹೇಳುತ್ತಾನೆ. ಜೂಜಿನಲ್ಲಿ ಸೋತವನಿಗೆ ಹಾಗೇ ಸೋತ ಇನ್ನೊಬ್ಬನ ಕತೆ. ಅದು ಮುಗಿದ ಮೇಲೆ ಭಾರತದ ಕತೆ ಮುಂದಕ್ಕೆ ಹೋಗುತ್ತದೆ. ಉಪಕಥೆ ಅಂದರೆ ಇದು. ದೊಡ್ಡ ಕತೆಯ ಒಳಗೇ ಕೂತು, ಅದರ ಪಾತ್ರವೊಂದು ಇನ್ನೊಂದಕ್ಕೆ ಹೇಳುವ ಕತೆ.

ಅಸ್ಟ್ರೇ ಹಾಗಿಲ್ಲವಲ್ಲ. ಸೀಡ್‌ನಲ್ಲಿ ಯಾರೂ ಕೂತು ಲೋ ಗ್ಯೂಲನ ಕತೆ ಹೇಳುವುದಿಲ್ಲ. ಪುಸ್ತಕ ಬೇರೆ, ನಾಯಕ ಬೇರೆ. ಕಾಲ ಮತ್ತು ಲೋಕ ಮಾತ್ರ ಒಂದೇ. ಎರಡು ಕತೆಗಳೂ ಒಂದೇ ಹೊತ್ತಿಗೆ ಅಕ್ಕಪಕ್ಕ ನಡೆಯುತ್ತವೆ, ಅಲ್ಲಲ್ಲಿ ಮುಟ್ಟಿ ಹೋಗುತ್ತವೆ.

ಆ ಮುಟ್ಟುವ ಜಾಗ ನೋಡಿದರೆ ಪದ ಯಾವುದಿರಬೇಕು ಅಂತ ತಿಳಿಯುತ್ತದೆ. ಸರಣಿಯ ನಡುವೆ ಕಿರಾನ ಗೆಳೆಯ ಅಥ್ರುನ್ ತನ್ನ ಯಂತ್ರವನ್ನೇ ಸ್ಟ್ರೈಕ್‌ಗೆ ಅಪ್ಪಿಸಿ ಸ್ಫೋಟಿಸುತ್ತಾನೆ. ಕಿರಾ ಸತ್ತ ಅಂತಲೇ ಎಲ್ಲರೂ ನಂಬುತ್ತಾರೆ. ಆಮೇಲೆ ನೋಡಿದರೆ ಲಾಕ್ಸ್ ಎಂಬ ಹುಡುಗಿಯ ಮನೆಯಲ್ಲಿ ಹಾಸಿಗೆ ಮೇಲೆ ಕಣ್ಣು ಬಿಡುತ್ತಾನೆ. ಆ ಸುಟ್ಟ ಯಂತ್ರದ ಹತ್ತಿರದಿಂದ ಅವನನ್ನು ಎತ್ತಿಕೊಂಡು ಬಂದವರು ಯಾರು? ಮಾಂಗಾದಲ್ಲಿ ಅದು ಲೋ. ಗಾಯಗೊಂಡ ಹುಡುಗನನ್ನು ಮಾಲ್ಕಿಯೊ ಎಂಬ ಧರ್ಮಗುರುವಿನ ಕೈಗೊಪ್ಪಿಸಿ ತನ್ನ ದಾರಿ ಹಿಡಿದು ಹೋಗುತ್ತಾನೆ. ಟಿವಿ ಕತೆಗೆ ಇದಿಲ್ಲದೆಯೂ ನಡೆಯಿತು. ಮಾಂಗಾ ಓದಿದವರಿಗೆ ಮಾತ್ರ ಒಂದು ತೂತು ಮುಚ್ಚಿತು. ಹೊರಗೆ ನಿಂತು ಒಳಗಿನದಕ್ಕೆ ಕೈಕೊಡುವ ಕತೆ ಇದು. ಇದನ್ನು 'ಉಪ' ಅಂದರೆ ಆ ಸೊಗಸೇ ಹೋಯಿತು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ನಳನ ಕತೆಯಲ್ಲ, ಜೈಮಿನಿ ಭಾರತ. ಲಕ್ಷ್ಮೀಶ ಹೇಳುವ ಸುಧನ್ವ, ಚಂದ್ರಹಾಸ ವ್ಯಾಸರ ಅಶ್ವಮೇಧಪರ್ವದಲ್ಲಿ ಇಲ್ಲ. ಕುದುರೆ ಅದೇ, ಅರ್ಜುನ ಅದೇ, ಕೃಷ್ಣ ಅವನೇ. ಆದರೆ ಕಾವ್ಯ ಬೇರೆ, ನಾವು ಮರುಗುವುದು ಸುಧನ್ವನಿಗೆ. ಆ ಕಾವ್ಯದೊಳಗೆ ನಾರದ ಅರ್ಜುನನಿಗೆ ಹೇಳುವ ಚಂದ್ರಹಾಸನ ಕತೆಯನ್ನು ಉಪಕಥೆ ಅನ್ನಿ, ಒಪ್ಪುತ್ತೇನೆ. ಇಡೀ ಜೈಮಿನಿ ಭಾರತವನ್ನೇ ಹಾಗೆ ಕರೆಯೋಕಾಗುತ್ತಾ?

ಮೂಲ ಪದವೂ ಇದನ್ನೇ ಹೇಳುತ್ತದೆ. 'ಗೈ' ಅಂದರೆ ಹೊರಗು, 'ದೆನ್' ಅಂದರೆ ಹೇಳಿಕೊಂಡು ಬಂದ ವೃತ್ತಾಂತ. ಪದ ಚೀನಾದ್ದು. 'ವಸಂತ-ಶರತ್' ಎಂಬ ಅವರ ಹಳೇ ಇತಿಹಾಸಕ್ಕೆ 'ಜುವೊ ಜುವಾನ್' ಒಳಗಿನ ವೃತ್ತಾಂತ, 'ಗುವೊಯು' ಹೊರಗಿನ ವೃತ್ತಾಂತ ಅಂತ ಕರೆಯುವ ರೂಢಿ ಇತ್ತು. ಒಳಗು ಹೊರಗು ಎಂಬ ಈ ಜೋಡಿ ಕನ್ನಡಕ್ಕೆ ಹೊಸದೇನೂ ಅಲ್ಲ. ಹಾಗಾಗಿ 'ಹೊರಗತೆ'. ಹಳಗನ್ನಡ, ಮಳೆಗಾಲ, ಕಿರುಗತೆ ಹೇಗೋ ಇದೂ ಹಾಗೆ. ಕತೆ ತದ್ಭವ, ಆದ್ದರಿಂದ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ ಎಂಬ ತಕರಾರೂ ಇಲ್ಲ. 'ಹೊರಕಥೆ' ಅಂತ ಮಾತ್ರ ಬರೆಯಬೇಡಿ.

— ಧಾರವಾಡ

* * *

ಅರಿಸಮಾಸ ಇಲ್ಲ, ನಿಜ. ಅರ್ಥ ಕೆಟ್ಟಿದೆ. ಹೊರಗತೆ ಅಂದರೆ ಲೆಕ್ಕಕ್ಕೆ ಸೇರದ ಕತೆ ಅಂತ ಓದುಗ ತಿಳಿಯುತ್ತಾನೆ. ಯಾರೋ ಅಭಿಮಾನಿ ಬರೆದದ್ದು ಅಂತಲೂ ಅಂದುಕೊಳ್ಳಬಹುದು. ಇದು ಅಧಿಕೃತ ಕೃತಿಯಲ್ಲವೇ?

ಒಳಗಿರುವುದು ಬೇಡ ಎಂದಾದರೆ 'ಖಿಲ' ಇದೆ, ಅಂದರೆ ಪೂರಕ ಭಾಗ. ಹರಿವಂಶ ಮಹಾಭಾರತದ ಖಿಲಭಾಗ. ಭಾರತದಲ್ಲಿ ಹೇಳದೆ ಉಳಿದ ಕೃಷ್ಣನ ಬಾಲ್ಯ ಅಲ್ಲಿ ಬರುತ್ತದೆ. ಇದಕ್ಕಿಂತ ಸರಿಯಾದ ಪದ ಬೇಕೇ? ಸಂಸ್ಕೃತ ಎಂದ ಕೂಡಲೇ ಮೂಗು ಮುರಿಯುವುದು ಈ ಬಳಗದಲ್ಲಿ ಜಾಸ್ತಿ ಆಗಿದೆ.

— ಮೈಸೂರು

* * *

ನೀವಿಬ್ಬರೂ ಸುಮ್ನೆ ಕಷ್ಟ ಪಡುತ್ತಿದ್ದೀರಿ. ಇದನ್ನು ಓದುವವರು ಹದಿನೆಂಟು ಇಪ್ಪತ್ತರ ಮಕ್ಕಳು. ಅವರ ಬಾಯಲ್ಲಿ ಆನಿಮೆ ಇದೆ, ಮಾಂಗಾ ಇದೆ. ಆ ಎರಡನ್ನು ಹಾಗೇ ಇಟ್ಟುಕೊಂಡವರು ಮೂರನೆಯದಕ್ಕೆ ಯಾಕೆ ಬಾಗಿಲು ಹಾಕಬೇಕು? 'ಗೈದೆನ್' ಅಂತಲೇ ಬರೆಯಿರಿ. ಜಪಾನಿನವರೇ ಚೀನಾದಿಂದ ತಂದುಕೊಂಡ ಪದ ಅಂತ ನೀವೇ ಹೇಳಿದಿರಿ. ಅವರು ತಂದುಕೊಂಡರೆ ಸರಿ, ನಾವು ತಂದುಕೊಂಡರೆ ತಪ್ಪಾ? ಕಾಗದ, ಖುರ್ಚಿ, ಅರ್ಜಿ ಎಲ್ಲ ಬಂದು ನಮ್ಮವೇ ಆಗಲಿಲ್ವಾ? ಎರವಲಿಗೆ ಹೆದರುವ ಭಾಷೆ ಬೆಳೆಯುವುದಿಲ್ಲ.

— ಕುಂದಾಪುರ

* * *

> ಎರವಲಿಗೆ ಹೆದರುವ ಭಾಷೆ ಬೆಳೆಯುವುದಿಲ್ಲ.

ಎರವಲಿಗೆ ಯಾರು ಹೆದರಿದರು? ಖುರ್ಚಿ ವಸ್ತುವಿನ ಜೊತೆ ಬಂದ ಹೆಸರು. ಮಾಂಗಾವೂ ಹಾಗೇ, ಹೊಸ ಬಗೆಯ ಪುಸ್ತಕ ಬಂತು, ಹೆಸರೂ ಬಂತು. ಅದನ್ನೂ ನಾವು ನಮ್ಮ ಕಿವಿಗೆ ಹೊಂದಿಸಿಕೊಂಡೆವು. ಮೊದಲಕ್ಷರಕ್ಕೆ ದೀರ್ಘ ಕೊಟ್ಟೆವು, ಇಲ್ಲದಿದ್ದರೆ ಮಂಗ ಆಗುತ್ತಿತ್ತು. ಗೈದೆನ್ ವಸ್ತುವಲ್ಲ. ಒಂದು ಕತೆಗೂ ಇನ್ನೊಂದು ಕತೆಗೂ ಇರುವ ನಂಟಿನ ಹೆಸರು. ನಂಟು ನಮಗೆ ಗೊತ್ತಿರುವುದೇ. ಗೊತ್ತಿರುವುದಕ್ಕೆ ನಮ್ಮ ಮಾತಲ್ಲಿ ಹೆಸರಿಟ್ಟರೆ, ಗಂಡಮ್ ಹೆಸರೇ ಕೇಳದ ಓದುಗನಿಗೂ ಪಟ್ಟಿ ನೋಡಿದ ಕೂಡಲೇ ತಿಳಿಯುತ್ತದೆ.

ಇನ್ನೊಂದು ತೊಡಕಿದೆ. ಹಳಗನ್ನಡ ಓದಿದವರಿಗೆ 'ಗೈದೆನ್' ಅಂದರೆ 'ಮಾಡಿದೆನು'. ಪಟ್ಟಿಯ ತಲೆಯಲ್ಲಿ ಒಂಟಿಯಾಗಿ ಅದನ್ನು ಕಂಡರೆ ಏನಂದುಕೊಳ್ಳಬೇಕು? 'ಗೈಡೆನ್' ಅಂತ ಬರೆದು ತಪ್ಪಿಸಿಕೊಳ್ಳಬಹುದು, ಆದರೆ ಜಪಾನಿಯಲ್ಲಿ ಆ ಮೂರ್ಧನ್ಯ 'ಡ' ಇಲ್ಲ.

ಮೈಸೂರಿನವರಿಗೆ. ಖಿಲ ಒಳ್ಳೆಯ ಪದ, ಮೂಗು ಮುರಿದಿಲ್ಲ. ಆದರೆ ಇವತ್ತಿನ ಓದುಗನಿಗೆ 'ಅಖಿಲ' ಗೊತ್ತು, 'ಖಿಲ' ಗೊತ್ತಿಲ್ಲ. ಜೊತೆಗೆ ಖಿಲ ಅನ್ನುವುದು ಕೃತಿಗೆ ಕೊನೆಯಲ್ಲಿ ಸೇರಿಸಿದ ಭಾಗಕ್ಕೆ. ಅಸ್ಟ್ರೇ ಸೀಡ್ ಮುಗಿದ ಮೇಲೆ ಅಂಟಿಸಿದ್ದಲ್ಲ, ಅದರ ಜೊತೆಜೊತೆಗೇ ಬೆಳೆದದ್ದು. 'ಹೊರ' ಅಂದರೆ ಲೆಕ್ಕಕ್ಕೆ ಸೇರದ್ದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಹೊರನಾಡ ಕನ್ನಡಿಗರು ಕನ್ನಡಿಗರಲ್ವಾ? ಇರುವ ಜಾಗ ಹೊರಗೆ, ಅಷ್ಟೇ.

— ಧಾರವಾಡ

* * *

ನಾನು ಒಪ್ಪಿಲ್ಲ. ಹೊರನಾಡಿನಲ್ಲಿ 'ನಾಡು' ಇದೆ, ಹೋಲಿಕೆ ನಿಲ್ಲದು. ಇಷ್ಟು ಸಾಕು.

— ಮೈಸೂರು

* * *

ಕವಲುಗತೆ ಅಂದರೆ ಹೇಗೆ? ಮೂಲದಿಂದ ಒಡೆದು ಹೋದದ್ದು ಅಂತ ಅರ್ಥ ಬರುತ್ತದೆ.

— ಕುಂದಾಪುರ

* * *

ಕವಲು ಒಡೆದ ಮೇಲೆ ದೂರ ಹೋಗುತ್ತದೆ. ಒಂದು ಪಾತ್ರವನ್ನು ಎತ್ತಿಕೊಂಡು ಬೇರೆ ಕಾಲಕ್ಕೋ ಬೇರೆ ಊರಿಗೋ ಹೋಗುವ ಕತೆಗಳಿಗೆ ಅದು ಚೆನ್ನಾಗಿದೆ, ಇಟ್ಟುಕೊಳ್ಳೋಣ. ಲೋ ಮೂಲ ಸರಣಿಯ ಯಾರ ಕವಲೂ ಅಲ್ಲ, ಅವನು ಮಾಂಗಾದ್ದೇ ಹುಡುಗ.

— ಧಾರವಾಡ

* * *

ಎಲ್ಲರಿಗೂ ಧನ್ಯವಾದ. ಪಟ್ಟಿಯಲ್ಲಿ 'ಹೊರಗತೆ' ಹಾಕಿದ್ದೇನೆ. ಮೈಸೂರಿನವರ ಆತಂಕ ನನಗೂ ಸರಿ ಅನ್ನಿಸಿತು, ಹಾಗಾಗಿ ಲೇಖನದ ಒಳಗೆ ಮೊದಲ ಸಲ ಬರುವಲ್ಲಿ ಹೀಗೆ ಬರೆದೆ: "ಅಸ್ಟ್ರೇ, ಸೀಡ್ ಲೋಕದಲ್ಲೇ ಅದೇ ಕಾಲಕ್ಕೆ ನಡೆಯುವ ಅಧಿಕೃತ ಹೊರಗತೆ. ಜಪಾನಿನಲ್ಲಿ ಇಂಥವನ್ನು ಗೈದೆನ್ ಎನ್ನುತ್ತಾರೆ." ಕುಂದಾಪುರದವರು ಹೇಳಿದ ಮಕ್ಕಳಿಗೂ ಹುಡುಕಲು ಆ ಪದ ಸಿಕ್ಕಂತಾಯಿತು.

ಇನ್ನೊಂದು ಉಳಿದಿದೆ. ಕಂತುಗಳ ಲೆಕ್ಕದ ಹೊರಗೆ ಬಿಡಿಯಾಗಿ ಬರುವ ಚಿಕ್ಕ ಕತೆಗೆ ಅವರು 'ಬಂಗೈಹೆನ್' ಅನ್ನುತ್ತಾರೆ. ಅದಕ್ಕೆ 'ಬಿಡಿಗತೆ' ಆಗಬಹುದಾ? ಇದಕ್ಕೆ ಅವಸರವಿಲ್ಲ, ಮುಂದಿನ ವಾರದೊಳಗೆ ಹೇಳಿದರೆ ಸಾಕು.

— ಬೆಂಗಳೂರು