ಪದಚರ್ಚೆ: ಕಾಡಿಗೆ ‘ಬೆಲೆ ಕಟ್ಟುವುದು’ ಸರಿಯಾದ ಮಾತೇ? ‘ನ್ಯಾಚುರಲ್ ಕ್ಯಾಪಿಟಲ್’ ಅನ್ನುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದದ ನಡುವೆ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು. ನಮ್ಮ ಶಿರಸಿ ಕಡೆಯ ಗ್ರಾಮ ಅರಣ್ಯ ಸಮಿತಿಯವರು ಓದಲಿ ಎಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ವಿಷಯ ಇಷ್ಟು: ಕಾಡು, ಕೆರೆ, ಹುಲ್ಲುಗಾವಲು, ಅಳಿವೆಯ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳು), ಇವೆಲ್ಲ ಜೀವಂತವಾಗಿ ನಿಂತಿರುವುದರಿಂದಲೇ ನಮಗೆ ದೊಡ್ಡ ಲಾಭವಿದೆ. ಆ ಲಾಭವನ್ನು ಹಣದ ಲೆಕ್ಕದಲ್ಲಿ ತೋರಿಸಿದರೆ, ಅವು ಮತ್ತೆ ಚಿಗುರಲು ಬೇಕಾದ ದುಡ್ಡನ್ನು ಹೊಂದಿಸಬಹುದು.

ಇಂಗ್ಲಿಷಿನಲ್ಲಿ ಇದಕ್ಕೆ ನಾಲ್ಕೈದು ಪದ ಇವೆ. ನ್ಯಾಚುರಲ್ ಕ್ಯಾಪಿಟಲ್, ಅಸೆಟ್, ಇಕೋಸಿಸ್ಟಮ್ ಸರ್ವಿಸಸ್, ವ್ಯಾಲ್ಯುಯೇಷನ್, ರೀಜನರೇಷನ್. ಮೊದಲ ಕರಡಿನಲ್ಲಿ ನಾನು ರೂಢಿಯಂತೆ ನೈಸರ್ಗಿಕ ಬಂಡವಾಳ, ಆಸ್ತಿ, ಪರಿಸರ ವ್ಯವಸ್ಥೆಯ ಸೇವೆಗಳು, ಮೌಲ್ಯಮಾಪನ, ಪುನರುಜ್ಜೀವನ ಎಂದು ಬರೆದೆ. ಮೌಲ್ಯಮಾಪನ ಅಂದರೆ ಪರೀಕ್ಷೆಯ ಉತ್ತರಪತ್ರಿಕೆ ನೆನಪಾಗುತ್ತದೆ ಅನ್ನಿಸಿತು. ಅದಕ್ಕೇ ಕೆಲವು ಕಡೆ ‘ಬೆಲೆ ಕಟ್ಟುವುದು’ ಎಂದು ತಿದ್ದಿದೆ. ಆಮೇಲೆ ಮನೆಯಲ್ಲಿ ಓದಿ ಹೇಳಿದೆ. ಆಯಿ ಅಡಿಕೆ ಸುಲಿಯುತ್ತಾ ಕೇಳುತ್ತಿದ್ದವಳು ಕತ್ತಿ ನಿಲ್ಲಿಸಿ, ‘ಬೆಲೆ ಕಟ್ಟದು ಮಾರಕಾದ್ರೆ ಅಲ್ದ ತಮಾ?’ ಅಂದಳು. ಬೆಲೆ ಕಟ್ಟುವುದು ಮಾರುವಾಗ ತಾನೇ, ಅಂತ.

ಅವಳ ಮಾತು ಸರಿ. ಕನ್ನಡದಲ್ಲಿ ಬೆಲೆ ಕಟ್ಟುವವನು ಯಾರು? ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನು, ಹಳೆ ಮನೆಯ ಮರಮಟ್ಟು ಕೊಳ್ಳಲು ಬಂದವನು. ಬೆಲೆ ಕಟ್ಟಿದ ಮೇಲೆ ಚೌಕಾಸಿ, ಆಮೇಲೆ ಮುಂಗಡ. ಸಮಿತಿಯ ಸಭೆಯಲ್ಲಿ ‘ನಿಮ್ಮ ಕಾಡಿಗೆ ಬೆಲೆ ಕಟ್ಟುತ್ತಿದ್ದೇವೆ’ ಎಂದು ಓದಿದರೆ ಜನ ಮೊದಲು ಕೇಳುವ ಪ್ರಶ್ನೆ, ಯಾವ ಕಂಪನಿ ಬರುತ್ತಿದೆ ಎಂದು. ಕೈಪಿಡಿಯ ಉದ್ದೇಶವೇ ತಲೆಕೆಳಗಾಗುತ್ತದೆ.

ಹಾಗೆಂದು ‘ಬೆಲೆ’ ಪದವನ್ನೇ ಬಿಡಲು ಮನಸ್ಸಾಗುವುದಿಲ್ಲ. ಎಷ್ಟು ಒಳ್ಳೆಯ ಪದ ಅದು! ‘ಅವರ ಮಾತಿಗೆ ಬೆಲೆ ಇದೆ’ ಅಂದರೆ ಗೌರವ. ‘ಬೆಲೆ ಕೊಡು’ ಅಂದರೂ ಗೌರವವೇ. ‘ಬೆಲೆ ತೆತ್ತರು’ ಅಂದರೆ ಮಾಡಿದ ತಪ್ಪಿಗೆ ಅನುಭವಿಸಿದ್ದು. ಒಂದೇ ನಾಮಪದ, ಜೊತೆಗೆ ಬರುವ ಕ್ರಿಯಾಪದ ಬದಲಾದ ಹಾಗೆ ಅರ್ಥ ಸಂತೆಯಿಂದ ಮರ್ಯಾದೆಗೆ, ಮರ್ಯಾದೆಯಿಂದ ಪಶ್ಚಾತ್ತಾಪಕ್ಕೆ ಹೋಗುತ್ತದೆ. ಬಯಲುಸೀಮೆ, ಉತ್ತರ ಕರ್ನಾಟಕದ ಕಡೆಯ ‘ಕಿಮ್ಮತ್ತು’ ಕೂಡ ಹೀಗೇ ಅಲ್ವಾ? ‘ಅವನ ಮಾತಿಗೆ ಕಿಮ್ಮತ್ತಿಲ್ಲ’ ಅನ್ನುವಾಗ ಯಾರೂ ರೂಪಾಯಿ ಎಣಿಸುವುದಿಲ್ಲ.

ಹಾಗಾದರೆ ವ್ಯಾಲ್ಯುಯೇಷನ್‌ಗೆ ಏನು? ನನಗೆ ಹೊಳೆದದ್ದು ನಮ್ಮ ಗಾದೆಯಿಂದ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ.’ ಇಷ್ಟು ದಿನ ಕಾಡಿನ ಸ್ಥಿತಿ ಹೀಗೇ ಇತ್ತು. ಮಳೆನೀರು ಹಿಡಿದು ಬೇಸಿಗೆಗೆ ಬಿಡುತ್ತದೆ, ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ, ಜೇನು ಸಾಕುತ್ತದೆ. ಆದರೆ ದೇಶದ ಲೆಕ್ಕದ ಪುಸ್ತಕದಲ್ಲಿ ಅದು ಕಾಣುವುದು ಮರ ಕಡಿದು ನಾಟಾ ಆದಾಗ ಮಾತ್ರ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೊಸ್ಟಾಂಜ ಮತ್ತು ಜೊತೆಗಾರರು ಇಡೀ ಭೂಮಿಯ ಲೆಕ್ಕ ಹಾಕಿದರು. ಪ್ರಕೃತಿಯಿಂದ ಮನುಷ್ಯರಿಗೆ ಸಿಗುವ ಲಾಭ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದರು. ಆಗ ಜಗತ್ತಿನ ಎಲ್ಲ ದೇಶಗಳ ಒಟ್ಟು ಉತ್ಪನ್ನ ಸುಮಾರು 18 ಲಕ್ಷ ಕೋಟಿ ಡಾಲರ್ ಇತ್ತು. ಆ ಅಂಕಿಯ ಮೇಲೆ ತುಂಬಾ ಜಗಳ ಆಯಿತು, ಈಗಲೂ ಇದೆ. ಆದರೆ ಅವರು ಯಾರಿಗೂ ಏನನ್ನೂ ಮಾರಲು ಹೊರಟಿರಲಿಲ್ಲ, ಲೆಕ್ಕಕ್ಕೆ ಇಲ್ಲದ್ದನ್ನು ಲೆಕ್ಕಕ್ಕೆ ತಂದರು. 2021ರಲ್ಲಿ ಪ್ರಕೃತಿಯ ಇಂಥ ಲಾಭಗಳನ್ನು ದಾಖಲಿಸಲು ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಒಪ್ಪಿದ ಪದ್ಧತಿಯ ಹೆಸರಲ್ಲೂ ಇರುವುದು ‘ಅಕೌಂಟಿಂಗ್’, ಲೆಕ್ಕ ಇಡುವುದು. ಅದಕ್ಕೇ ‘ಲೆಕ್ಕಕ್ಕೆ ತರುವುದು’ ಎಂದು ಬರೆದರೆ ಹೇಗೆ? ‘ಕಾಡನ್ನು ಲೆಕ್ಕಕ್ಕೆ ತರುವುದು.’ ಆಯಿಗೆ ಇದು ತಕ್ಷಣ ಅರ್ಥ ಆಯಿತು.

ಇನ್ನೊಂದು ಪದವೂ ಮನಸ್ಸಿನಲ್ಲಿದೆ. ‘ಬಾಳು.’ ಎತ್ತು ಕೊಳ್ಳುವಾಗ ‘ಇದು ಎಷ್ಟು ಬಾಳುತ್ತೆ?’ ಎನ್ನುತ್ತೇವೆ. ‘ಬೆಲೆಬಾಳುವ’ ಎಂಬ ಪದದಲ್ಲೂ ಅದೇ ಇದೆ. ಬದುಕುವುದಕ್ಕೂ ‘ಬಾಳು’, ಹೆಚ್ಚು ಕಾಲ ನಿಲ್ಲುವುದಕ್ಕೂ ‘ಬಾಳಿಕೆ’. ಜೀವಂತವಾಗಿರುವ ಕಾಡು, ಜೀವಂತವಾಗಿರುವುದರಿಂದಲೇ ಇಷ್ಟು ಬಾಳುತ್ತದೆ ಎಂದು ಹೇಳಲು ಕನ್ನಡದಲ್ಲಿ ಒಂದೇ ಕ್ರಿಯಾಪದ ಸಾಕು. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಮೂರು ಪದ ಬೇಕು. ‘ಈ ಬೆಟ್ಟ ವರ್ಷಕ್ಕೆ ಇಷ್ಟು ಬಾಳುತ್ತದೆ’ ಎಂದು ಬರೆದು ನೋಡಿದೆ. ನನಗೆ ತುಂಬಾ ಹಿಡಿಸಿತು.

ಈಗ ‘ಆಸ್ತಿ’ಗೆ ಬರುತ್ತೇನೆ. ಇದು ನನ್ನನ್ನು ಜಾಸ್ತಿ ಕಾಡುತ್ತಿರುವ ಪದ. ಸಂಸ್ಕೃತದ ‘ಅಸ್ತಿ’, ಅಂದರೆ ‘ಇದೆ’ ಎಂಬುದರಿಂದ ಬಂದದ್ದು. ‘ಇದ್ದವರು, ಇಲ್ಲದವರು’ ಎನ್ನುವಾಗ ನಾವು ಅಚ್ಚ ಕನ್ನಡದಲ್ಲೂ ಇದೇ ಜಾಡಿನಲ್ಲಿ ಯೋಚಿಸುತ್ತೇವೆ. ಮೂಲದಲ್ಲಿ ಎಷ್ಟು ನಿರ್ಮಲ ಅರ್ಥ ನೋಡಿ, ಸುಮ್ನೆ ‘ಇರುವುದು’. ಆದರೆ ಬಳಕೆಯಲ್ಲಿ ಆಸ್ತಿ ಎಂದ ಕೂಡಲೇ ಪಹಣಿ, ಹಿಸ್ಸೆ, ಪಾಲುಪಟ್ಟಿ, ಕೋರ್ಟು. ಆಸ್ತಿಗೆ ಒಬ್ಬ ಒಡೆಯ ಇರಲೇಬೇಕು. ಕಾಡನ್ನು ಆಸ್ತಿ ಎಂದರೆ ‘ಯಾರದ್ದು?’ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ‘ಬಂಡವಾಳ’ವೂ ಹಾಗೇ. ಬಂಡ ಎಂದರೆ ವ್ಯಾಪಾರದ ಸರಕು. ಸರಕು ಇಡುವ ಜಾಗ ಬಂಡಸಾಲೆ. ಬಂಡವಾಳ ಹಾಕುವುದು ತಿರುಗಿಸಿ ಲಾಭ ಎತ್ತಲು. ಕಾಡು ಸರಕಲ್ಲವಲ್ಲ.

ನಮ್ಮೂರಿನ ಒಂದು ಬಳಕೆ ಇಲ್ಲಿ ದಾರಿ ತೋರಿಸೀತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರು ‘ಬೆಟ್ಟ’ ಎಂದರೆ ಬರೀ ಗುಡ್ಡವಲ್ಲ. ಅದು ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂದು ಬ್ರಿಟಿಷರ ಕಾಲದಿಂದ ಬಂದ ಹಕ್ಕು. ಅಲ್ಲಿ ಸೊಪ್ಪು ಕಡಿಯಬಹುದು, ದರಕು (ಉದುರಿದ ಒಣ ಎಲೆ) ಗುಡಿಸಿ ತರಬಹುದು, ದನ ಮೇಯಿಸಬಹುದು. ಮಾರುವ ಹಾಗಿಲ್ಲ, ಭೂಮಿ ಸರ್ಕಾರದ್ದು. ಆದರೂ ಬಾಯಲ್ಲಿ ‘ನಮ್ಮ ಬೆಟ್ಟ’ ಎಂದೇ ಬರುತ್ತದೆ. ಈ ‘ನಮ್ಮ’ದಲ್ಲಿ ಒಡೆತನಕ್ಕಿಂತ ಆಸರೆ ಜಾಸ್ತಿ. ಬೆಟ್ಟ ಬೋಳಾದರೆ ಕೊಟ್ಟಿಗೆಗೆ ಸೊಪ್ಪಿಲ್ಲ, ಗೊಬ್ಬರವಿಲ್ಲ, ತೋಟ ಸೊರಗುತ್ತದೆ. ದಕ್ಷಿಣ ಕನ್ನಡದ ‘ಕುಮ್ಕಿ’ ನೋಡಿ. ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನಿನ, ಅಂಚಿನಿಂದ ನೂರು ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವಿನ ಸವಲತ್ತು. ಆ ಪದದ ಅರ್ಥವೇ ‘ನೆರವು’. ಫಾರಸಿಯ ಕಡೆಯಿಂದ ಬಂದದ್ದು, ನಮ್ಮ ‘ಕುಮ್ಮಕ್ಕು’ ಅದರ ಒಡಹುಟ್ಟು. ಗದ್ದೆಗೆ ನೆರವಾಗಿ ನಿಂತ ಕಾಡು ಎಂಬ ಭಾವನೆ ಕಂದಾಯದ ಕಡತದಲ್ಲೇ ಕೂತಿದೆ! ಇಕೋಸಿಸ್ಟಮ್ ಸರ್ವಿಸಸ್ ಎಂಬ ಮಾತಿಗೆ ಇಷ್ಟು ಹತ್ತಿರದ ಪದ ನನಗೆ ಬೇರೆ ಕಂಡಿಲ್ಲ.

‘ಸೇವೆ’ ನನಗೆ ಒಪ್ಪಿಗೆಯಾಗದ್ದು ಇದಕ್ಕೇ. ಸೇವೆ ಎಂದರೆ ಚಿಕ್ಕವರು ದೊಡ್ಡವರಿಗೆ ಮಾಡುವುದು. ದೇವಸ್ಥಾನದಲ್ಲಿ ನಾವು ದೇವರಿಗೆ ಸೇವೆ ಕೊಡುತ್ತೇವೆ. ಕಾಡು ನಮಗೆ ಸೇವೆ ಸಲ್ಲಿಸುತ್ತದೆ ಎಂದರೆ ಮೇಲುಕೀಳು ಅದಲುಬದಲಾದ ಹಾಗೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿನವರಿಗೆ ಈ ವಾಕ್ಯ ಹೇಗೆ ಕೇಳಿಸೀತು? ‘ಉಪಕಾರ’ ಎನ್ನಬಹುದು. ಅಥವಾ ಕುಮ್ಕಿಯ ದಾರಿಯಲ್ಲೇ ಹೋಗಿ ‘ನೆರವು’ ಎನ್ನಬಹುದು: ನೀರಿನ ನೆರವು, ಮಣ್ಣಿನ ನೆರವು, ಗಾಳಿಯ ನೆರವು. ನನ್ನ ಒಲವು ನೆರವಿನ ಕಡೆಗೆ.

ಕ್ಯಾಪಿಟಲ್‌ಗೆ ‘ಇಡುಗಂಟು’ ಹೇಗೆ? ಒಟ್ಟಾಗಿ ಕೈಗೆ ಬಂದ ಮೊತ್ತಕ್ಕೆ ಪತ್ರಿಕೆಗಳಲ್ಲಿ ಈಗಾಗಲೇ ಬಳಕೆಯಲ್ಲಿದೆ. ಹಳ್ಳಿಯಲ್ಲಿ ಗಂಟು ಎಂದರೆ ಕರಗಿಸಬಾರದ್ದು. ಬಡ್ಡಿ ಉಣ್ಣಬೇಕು, ಗಂಟಿಗೆ ಕೈ ಹಾಕಬಾರದು. ‘ಗಂಟು ಕರಗಿತು’ ಎಂದರೆ ಮನೆ ಮುಳುಗಿದ ಹಾಗೆ. ಬೆಟ್ಟದ ಸೊಪ್ಪು ಬಡ್ಡಿ, ಬೆಟ್ಟ ಇಡುಗಂಟು. ಮರದ ತುದಿಕೊಂಬೆ ಬಿಟ್ಟು ಸೊಪ್ಪು ಕಡಿಯಬೇಕು ಎಂದು ಹಿರಿಯರು ಹೇಳುತ್ತಿದ್ದದ್ದೂ ಗಂಟು ಉಳಿಸುವ ಮಾತೇ.

ಇನ್ನು ಹಣದ ಹೆಸರು. ಇಲ್ಲಿ ಇಂಗ್ಲಿಷ್ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿದೆ, ಕನ್ನಡ ಬಿಡಿಸಿ ಇಡಬೇಕು ಎಂದು ನನ್ನ ಆಸೆ. ಒಂದು, ಕಾಡು ಕಳೆದಾಗ ಕಟ್ಟುವ ಹಣ; ಇನ್ನೊಂದು, ಕಾಡು ಉಳಿಸಿದ್ದಕ್ಕೆ ಕೊಡುವ ಹಣ. ಮೊದಲನೆಯದು ಹೀಗೆ. ನಮ್ಮ ದೇಶದಲ್ಲಿ ರಸ್ತೆಗೋ ಗಣಿಗೋ ಅರಣ್ಯಭೂಮಿ ಕೊಟ್ಟಾಗ ಪಡೆದವರು ‘ನಿವ್ವಳ ಪ್ರಸ್ತುತ ಮೌಲ್ಯ’ ಕಟ್ಟಬೇಕು, ಅಂದರೆ ಆ ಕಾಡು ಮುಂದೆ ಕೊಡಬಹುದಾಗಿದ್ದ ಲಾಭಕ್ಕೆ ಇವತ್ತಿನ ಲೆಕ್ಕದಲ್ಲಿ ಆಗುವ ಹಣ. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದಕ್ಕೆ ಆದೇಶ ಮಾಡಿತು. ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ಸಮಿತಿ ಲೆಕ್ಕ ಹಾಕುವ ಬಗೆ ಹೇಳಿತು. 2008ರಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಎಂದು ಆಗಿನ ದರ ನಿಂತಿತು. ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. ಈ ಹಣ ಕ್ಯಾಂಪಾ ನಿಧಿಗೆ, ಅಂದರೆ ಹೋದ ಕಾಡಿನ ಬದಲು ಕಾಡು ಬೆಳೆಸಲೆಂದು ಇರುವ ನಿಧಿಗೆ ಹೋಗುತ್ತದೆ. 2016ರ ಕಾಯ್ದೆಯ ಪ್ರಕಾರ ಶೇ 90 ರಾಜ್ಯಕ್ಕೆ, ಶೇ 10 ಕೇಂದ್ರಕ್ಕೆ. 2019ರಲ್ಲಿ ಒಮ್ಮೆಗೇ 47 ಸಾವಿರ ಕೋಟಿಗೂ ಮಿಕ್ಕಿ ಹಣ ರಾಜ್ಯಗಳಿಗೆ ಬಂತು.

ಇದಕ್ಕೆ ಸರ್ಕಾರಿ ಕನ್ನಡದಲ್ಲಿ ‘ಪರಿಹಾರ’ ಎಂಬ ಮಾತು ಅಂಟಿಕೊಂಡಿದೆ. ಪರಿಹಾರ ಎಂದರೆ ತೊಂದರೆ ಮುಗಿಯಿತು ಎಂಬ ಧ್ವನಿ ಬರುತ್ತದೆ. ಇಲ್ಲಿ ಕಾಡು ಹೋಗಿದೆ, ಹಣ ಬಂದಿದೆ, ಇನ್ನೊಂದು ಕಡೆ ಸಸಿ ನೆಡುತ್ತಾರೆ. ನೂರಾರು ವರ್ಷದ ಕಾನು (ದಟ್ಟ ನಿತ್ಯಹಸಿರು ಕಾಡು) ಹೋಗಿ ಅಕೇಶಿಯಾ ಸಾಲು ಬಂದರೆ ಏನು ಪರಿಹಾರವಾಯಿತು? ಇದಕ್ಕೆ ‘ತೆರ’ ಅಥವಾ ‘ತೆತ್ತ ಹಣ’ ಎನ್ನುವುದು ಪ್ರಾಮಾಣಿಕ. ಕಳೆದದ್ದಕ್ಕೆ ತೆತ್ತದ್ದು.

ಎರಡನೆಯದು ಪೂರ್ತಿ ಬೇರೆ. ಕೋಸ್ಟರಿಕಾದಲ್ಲಿ 1996ರ ಅರಣ್ಯ ಕಾನೂನು ಕಾಡು ಕಡಿದು ಬೇರೆ ಬಳಕೆಗೆ ತರುವುದನ್ನು ನಿಷೇಧಿಸಿತು. ಜೊತೆಗೆ, ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಹಣ ಕೊಡುವ ಏರ್ಪಾಡು ಮಾಡಿತು. ಇಂಧನದ ಮೇಲಿನ ತೆರಿಗೆಯ ಒಂದು ಭಾಗ ಅದಕ್ಕೆ ಹೋಗುತ್ತದೆ. ಇಂಗಾಲ ಹಿಡಿಯುವುದು, ನೀರು, ಜೀವವೈವಿಧ್ಯ, ಚೆಲುವು, ಈ ನಾಲ್ಕು ನೆರವುಗಳನ್ನು ಕಾನೂನೇ ಹೆಸರಿಸಿದೆ. ನೋಡಲು ಚೆನ್ನಾಗಿದೆ ಎಂಬುದೂ ಒಂದು ನೆರವು ಎಂದು ಕಾನೂನಿನಲ್ಲಿ ಬರೆದದ್ದು ನನಗೆ ಬಹಳ ಇಷ್ಟವಾಯಿತು. ಒಂದು ಕಾಲಕ್ಕೆ ಕಾಲುಭಾಗಕ್ಕೆ ಇಳಿದಿದ್ದ ಕಾಡು ಈಗ ಆ ದೇಶದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿದೆ. ನ್ಯೂಯಾರ್ಕ್ ನಗರವೂ 1997ರಲ್ಲಿ ಇಂಥದೇ ದಾರಿ ಹಿಡಿಯಿತು. ನೀರು ಸೋಸುವ ಘಟಕಕ್ಕೆ 600ರಿಂದ 800 ಕೋಟಿ ಡಾಲರ್ ಬೇಕೆಂಬ ಅಂದಾಜಿತ್ತು. ಅದರ ಬದಲು ನೀರು ಹುಟ್ಟುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ರೈತರಿಗೂ ಊರುಗಳಿಗೂ ನೆರವಾಗಿ, ಜಮೀನು ಕೊಂಡು, ಕಾಡು ಕಾಪಾಡಿತು. ಆ ನೀರು ಇವತ್ತಿಗೂ ಸೋಸದೆಯೇ ಊರಿಗೆ ಬರುತ್ತದೆ.

ಈ ಎರಡನೇ ಬಗೆಯ ಹಣಕ್ಕೆ ಏನು ಹೆಸರು? ‘ಸಹಾಯಧನ’ ಎಂದರೆ ಸರ್ಕಾರ ದಯೆ ತೋರಿದ ಹಾಗೆ. ‘ಕೂಲಿ’ ಎಂದರೆ ಕಾಡು ಬೆಳೆಸಿದ್ದು ನಾವೇ ಎಂಬ ಹಾಗೆ. ‘ಪ್ರತಿಫಲ’ ಪರವಾಗಿಲ್ಲ, ಒಳಗೆ ‘ಫಲ’ ಇದೆ. ‘ಸಲ್ಲಿಕೆ’ ಎಂದೂ ಯೋಚಿಸಿದೆ. ‘ಸಲ್ಲಬೇಕಾದ್ದು ಸಲ್ಲಬೇಕು’ ಎನ್ನುತ್ತೇವಲ್ಲ, ಆ ನ್ಯಾಯದ ಧ್ವನಿ ಅದರಲ್ಲಿದೆ. ಹಣ ಹೋಗುವುದು ರೈತನ ಕೈಗೆ, ಸಲ್ಲುವುದು ಕಾಡಿಗೆ.

ರೀಜನರೇಷನ್ ಬಗ್ಗೆ ನನಗೆ ಗೊಂದಲವಿಲ್ಲ. ‘ಮರುಚಿಗುರು’ ಎಂದು ಬರೆದುಬಿಟ್ಟಿದ್ದೇನೆ. ಪುನಶ್ಚೇತನ, ಪುನರುಜ್ಜೀವನ ಎರಡೂ ಭಾರ. ಬೇಲಿ ಹಾಕಿ, ಬೆಂಕಿ ಬೀಳದಂತೆ ನೋಡಿಕೊಂಡು ಐದು ವರ್ಷ ಬಿಟ್ಟರೆ ಬೊಡ್ಡೆಯಿಂದ ತಾನಾಗಿ ಬರುವುದಕ್ಕೆ ಮರುಚಿಗುರು ಸರಿಯಾಗಿ ಹೊಂದುತ್ತದೆ.

ಹಾಗಾಗಿ ನನ್ನ ಪ್ರಶ್ನೆಗಳು. ಕುಮ್ಕಿ ಕಡೆಯವರೇ, ನಿಮ್ಮಲ್ಲಿ ಈಗ ಆ ಪದ ಬರೀ ಜಾಗದ ಹೆಸರಾಗಿ ಉಳಿದಿದೆಯೋ, ‘ನೆರವು’ ಎಂಬ ಅರ್ಥ ಯಾರ ಬಾಯಲ್ಲಾದರೂ ಇದೆಯೋ? ಕೊಡಗಿನವರು ‘ಬಾಣೆ’ಯ (ಗದ್ದೆಗೆ ಸೇರಿದ, ಸೊಪ್ಪು ಸೌದೆ ಮೇವಿನ ಕಾಡುಜಾಗ) ಬಗ್ಗೆ ಹೇಗೆ ಮಾತಾಡುತ್ತೀರಿ, ಆಸ್ತಿ ಎಂದೇ? ಧಾರವಾಡ, ಬಿಜಾಪುರದವರು ‘ಹೊಲ ಇಷ್ಟು ಬಾಳತದ’ ಎನ್ನುವುದು ಮಾರುವಾಗ ಮಾತ್ರವೋ, ಸುಮ್ನೆ ಮೆಚ್ಚಿಕೊಂಡಾಗಲೂ ಇದೆಯೋ? ಹಳಗನ್ನಡ ಬಲ್ಲವರು ಬದುಕುವ ‘ಬಾಳು’ ಮತ್ತು ಬೆಲೆಯ ‘ಬಾಳು’ ಎರಡರ ನಂಟಿನ ಬಗ್ಗೆ ಬರೆದರೆ ದೊಡ್ಡ ಉಪಕಾರ. ಕೈಪಿಡಿ ಅಚ್ಚಿಗೆ ಹೋಗಲು ಇನ್ನೂ ಮೂರು ವಾರ ಇದೆ. ಅಷ್ಟರೊಳಗೆ ನಿಮ್ಮ ಊರಿನ ಪದ ಒಂದಾದರೂ ಅದರಲ್ಲಿ ಸೇರಲಿ ಎಂದು ಆಸೆ.

ನಮಸ್ಕಾರ.