ಜಮೈಕಾ: ರಾಸ್ತಫಾರಿ, ರೆಗೆ ಮತ್ತು ಸರ್ಕಾರ

ಪ್ರಶ್ನೆ: ಪೊಲೀಸರು ಅಟ್ಟಾಡಿಸುತ್ತಿದ್ದ ರಾಸ್ತಫಾರಿ ಪಂಥದ ಸಂಗೀತ ಜಮೈಕಾದ ಚುನಾವಣಾ ವೇದಿಕೆ ಏರಿದ್ದು ಹೇಗೆ? ರೆಗೆ ಎಂಬ ಜಮೈಕಾದ ಜನಪ್ರಿಯ ಸಂಗೀತದಿಂದ ಪಕ್ಷಗಳ ನಡುವಿನ ಹಿಂಸೆ ನಿಂತಿತೇ?

ಉತ್ತರ 1: ಪಂಥದ ಬೇರು ಇರುವುದು ಕಪ್ಪು ಜನರ ಸ್ವಾಭಿಮಾನಕ್ಕಾಗಿ ಹೋರಾಡಿದ ಜಮೈಕಾದ ನಾಯಕ ಮಾರ್ಕಸ್ ಗಾರ್ವಿಯ ಚಿಂತನೆಯಲ್ಲಿ. 1930ರಲ್ಲಿ ಇಥಿಯೋಪಿಯಾದಲ್ಲಿ ಹೈಲೆ ಸೆಲಾಸಿಗೆ ಪಟ್ಟಾಭಿಷೇಕವಾದಾಗ ಜಮೈಕಾದ ಬಡವರಲ್ಲಿ ಕೆಲವರು ಆತನನ್ನೇ ದೇವರೆಂದು ನಂಬಿದರು; ಇವರೇ ರಾಸ್ತಫಾರಿಗಳು, ಚಿಕ್ಕದಾಗಿ ರಾಸ್ತಾಗಳು. ಅಂದರೆ ಆಗ ಜಮೈಕಾವನ್ನು ಆಳುತ್ತಿದ್ದ ಬ್ರಿಟಿಷ್ ರಾಜನಿಗೆ ನಿಷ್ಠೆ ಇಲ್ಲ ಎಂದಾಯಿತಲ್ಲ! ಈ ಪಂಥದ ಬೋಧಕ ಲಿಯೊನಾರ್ಡ್ ಹೊವೆಲ್ 1934ರಲ್ಲಿ ರಾಜದ್ರೋಹದ ಆರೋಪದಲ್ಲಿ ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮರುವರ್ಷ, 1963ರಲ್ಲೇ, ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಘರ್ಷಣೆಯ ನಂತರ ರಾಸ್ತಾಗಳ ಸಾಮೂಹಿಕ ಬಂಧನವಾಯಿತು. ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ.

ಉತ್ತರ 2: ಸಂಗೀತದ ಕಡೆಗೂ ನೋಡಿ. ನ್ಯಾಬಿಂಗಿ ಎಂಬ ರಾಸ್ತಾಗಳ ಪ್ರಾರ್ಥನಾ ಕೂಟಗಳಲ್ಲಿ ಮೂರು ಡ್ರಮ್: ಬಾಸ್, ಫಂಡೆ, ರಿಪೀಟರ್. ಫಂಡೆ ಎದೆಬಡಿತದಂತೆ ಲಯ ಹಿಡಿಯುತ್ತದೆ, ರಿಪೀಟರ್‌ನಲ್ಲಿ ಮನೋಧರ್ಮ. ಈ ಡ್ರಮ್‌ಗಳ ಪ್ರಭಾವ ರೆಗೆಗೂ ಬಂತು. ರೆಗೆಯ 'ಒನ್ ಡ್ರಾಪ್' ಎಂಬ ನಾಲ್ಕು ಪೆಟ್ಟಿನ ಲಯದಲ್ಲಿ ಮೊದಲ ಪೆಟ್ಟು ಖಾಲಿ, ಒತ್ತು ಮೂರನೆಯದಕ್ಕೆ. ಬಡವರ ಮತ ಸೆಳೆಯಲು 1972ರ ಚುನಾವಣೆಯಲ್ಲಿ ವಿರೋಧ ಪಕ್ಷದ ನಾಯಕ ಮೈಕೆಲ್ ಮ್ಯಾನ್ಲಿ ರೆಗೆ ಗಾಯಕರನ್ನೇ ಪ್ರಚಾರಕ್ಕೆ ಕರೆದೊಯ್ದು ಗೆದ್ದರು.

ಉತ್ತರ 3: ಹಿಂಸೆ ನಿಲ್ಲಲಿಲ್ಲ. 1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್‌ನಲ್ಲಿ ನಡೆದ ಶಾಂತಿ ಸಂಗೀತ ಕಚೇರಿಯಲ್ಲಿ ರೆಗೆ ಗಾಯಕ ಬಾಬ್ ಮಾರ್ಲಿ ಅವರು ಪ್ರಧಾನಿ ಮ್ಯಾನ್ಲಿ ಮತ್ತು ಎದುರಾಳಿ ಪಕ್ಷದ ನಾಯಕ ಎಡ್ವರ್ಡ್ ಸಿಯಾಗಾ ಇಬ್ಬರ ಕೈ ಜೋಡಿಸಿದ್ದು ನಿಜ, ದೊಡ್ಡ ಮಾತೇ. ಆದರೆ ಬಂದೂಕು ಹಿಡಿದವರ ನೆಲೆ ಪಕ್ಷವಾರು ಹಂಚಿಹೋದ ಸರ್ಕಾರಿ ವಸತಿ ಬಡಾವಣೆಗಳು. ಅಲ್ಲಿ ಮನೆ, ಕೆಲಸ ಎರಡನ್ನೂ ವೋಟಿಗೆ ಕಟ್ಟಿಹಾಕಿದ್ದರು. ಆ ಗಂಟನ್ನು ಯಾರೂ ಬಿಚ್ಚಲಿಲ್ಲ. 1980ರ ಚುನಾವಣಾ ವರ್ಷದಲ್ಲಿ ನೂರಾರು ಜನ ಸತ್ತರು.